ಬೈಲಕುಪ್ಪೆಯ ಮಗ್ಗದ ಪಕ್ಕದಿಂದ ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ,

ನಮಸ್ಕಾರ.

ನಾನು ಕುಶಾಲನಗರದಲ್ಲಿ ಒಂದು ಸಣ್ಣ ಟೈಲರಿಂಗ್ ಅಂಗಡಿ ನಡೆಸುತ್ತೇನೆ. ಹುಟ್ಟಿ ಬೆಳೆದಿದ್ದು ಹೊಳೆಯ ಆಚೆ, ಕೊಪ್ಪದ ಹತ್ತಿರ. ನಮ್ಮ ಕಡೆ ಕಾವೇರಿ ಸೇತುವೆ ದಾಟಿದರೆ ಜಿಲ್ಲೆಯೇ ಬದಲಾಗುತ್ತದೆ. ಈಚೆ ಕೊಡಗು, ಆಚೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಆಚೆ ಬದಿಯ ಬೈಲಕುಪ್ಪೆಯಲ್ಲಿ ಟಿಬೆಟನ್ನರು ಇದ್ದಾರೆ. ಅವರ ಊರುಗಳಿಗೆ ನಾವೆಲ್ಲ ಇವತ್ತಿಗೂ ಕ್ಯಾಂಪು ಅಂತಲೇ ಹೇಳುತ್ತೇವೆ. ಅರವತ್ತು ವರ್ಷ ದಾಟಿದರೂ ಆ ಹೆಸರು ಹೋಗಿಲ್ಲ.

ಕ್ಯಾಂಪಿನ ಹೆಂಗಸರು ಚುಬಾ ಹೊಲಿಸಲು ನನ್ನ ಹತ್ತಿರ ಬರುತ್ತಾರೆ. ಚುಬಾ ಅಂದರೆ ಅವರ ಉದ್ದನೆಯ ಉಡುಪು. ಮದುವೆಯಾದವರು ಅದರ ಮೇಲೆ ಮುಂಭಾಗಕ್ಕೆ ಬಣ್ಣಬಣ್ಣದ ಪಟ್ಟಿಯ ಪಂಗ್ದೆನ್ ಕಟ್ಟುತ್ತಾರೆ. ಹಾಗೆ ಬಂದು ಪರಿಚಯವಾದವರಲ್ಲಿ ಒಬ್ಬರು ಜಮಖಾನೆ ನೇಯುವ ಅಜ್ಜಿ. ಜಮಖಾನೆ ಅನ್ನುವುದು ನನ್ನ ಮಾತು, ಅವರು ಖಾದೆನ್ ಅನ್ನುತ್ತಾರೆ. ನಾನು ಅವರನ್ನು ಅಮಾಲಾ ಅಂತ ಕರೆಯುತ್ತೇನೆ. ಅಮಾ ಅಂದರೆ ಅಮ್ಮ. ಕೊನೆಯ ‘ಲಾ’ ಗೌರವಕ್ಕೆ, ನಾವು ಹೆಸರಿನ ಕೊನೆಗೆ ‘ಅವರು’ ಸೇರಿಸುವ ಹಾಗೆ. ಅವರು ನನ್ನನ್ನು ಕರೆಯುವುದು ಅಚ್ಚ ಕನ್ನಡದಲ್ಲಿ, “ಏನವ್ವಾ” ಅಂತ.

ಈ ಪತ್ರ ಅವರ ಮಗ್ಗದ ಬಗ್ಗೆ. ಅಂಥ ಮಗ್ಗಗಳ ಬಗ್ಗೆ. ಅವು ಒಂದೊಂದಾಗಿ ನಿಲ್ಲುತ್ತಿರುವುದನ್ನು ನೋಡಿ ಸುಮ್ನೆ ಇರಲು ಆಗದೆ ಬರೆಯುತ್ತಿದ್ದೇನೆ.

ಮೊದಲು ಆ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ನಮ್ಮ ಸೀರೆ ಮಗ್ಗದ ಹಾಗೆ ಅದು ಮಲಗಿರುವುದಿಲ್ಲ, ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಹತ್ತಿಯ ಹಾಸು ನೂಲನ್ನು ಮೇಲಿಂದ ಕೆಳಕ್ಕೆ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಅಮಾಲಾ ಎದುರಿಗೆ ತಗ್ಗಾದ ಮಣೆಯ ಮೇಲೆ ಕೂರುತ್ತಾರೆ. ಹಾಸು ನೂಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಹಿಡಿಯುತ್ತಾರೆ. ಉಣ್ಣೆ ನೂಲನ್ನು ಎರಡು ಹಾಸು ಎಳೆಗಳ ಹಿಂದಿನಿಂದ ತಂದು, ಸರಳಿನ ಮೇಲೆ ಒಂದು ಸುತ್ತು. ಮತ್ತೆ ಎರಡು ಎಳೆ, ಮತ್ತೆ ಒಂದು ಸುತ್ತು. ಬಣ್ಣ ಬದಲಾಗುವ ಕಡೆ ಬೇರೆ ಉಂಡೆಯ ನೂಲು. ಸಾಲು ತುಂಬಿದ ಮೇಲೆ ಹೊಕ್ಕು, ಅಂದರೆ ಅಡ್ಡ ನೂಲು, ಹಾಯಿಸಿ, ಸುತ್ತಿಗೆಯಿಂದ ಸರಳನ್ನು ಬಡಿದು ಕೂರಿಸುತ್ತಾರೆ. ಆಮೇಲೆ ಚಾಕು. ಸರಳಿನ ಉದ್ದಕ್ಕೂ ಒಂದೇ ಎಳೆತ. ಸರ್ ಅಂತ ಒಂದು ಸದ್ದು. ಸುತ್ತುಗಳೆಲ್ಲ ತುಂಡಾಗಿ, ಸರಳು ಕಳಚಿ ಕೈಗೆ ಬರುತ್ತದೆ. ಮಗ್ಗದ ಮೇಲೆ ಒಂದು ಸಾಲು ಉಣ್ಣೆ ಹುಲ್ಲಿನ ಹಾಗೆ ಎದ್ದು ನಿಂತಿರುತ್ತದೆ.

ಸರಳಿಗೆ ಸುತ್ತಿ ಕತ್ತರಿಸುವ ಈ ರೀತಿಯೇ ಟಿಬೆಟನ್ ನೇಯ್ಗೆಯ ಗುರುತು. ಇರಾನಿನಲ್ಲೋ ಕಾಶ್ಮೀರದಲ್ಲೋ ಒಂದೊಂದು ಗಂಟನ್ನೂ ಬೇರೆಬೇರೆಯಾಗಿ ಕಟ್ಟಿ ಕತ್ತರಿಸುತ್ತಾರೆ. ಇವರದು ಬೇರೆ ದಾರಿ. ನೇಯ್ದು ಮುಗಿದ ಮೇಲೂ ಕೆಲಸ ಇದೆ. ಕತ್ತರಿ ಹಿಡಿದು ಚಿತ್ರದ ಅಂಚಿನುದ್ದಕ್ಕೂ ಉಣ್ಣೆಯನ್ನು ತಗ್ಗಿಸುತ್ತಾ ಹೋಗುತ್ತಾರೆ. ಆಗ ಕಮಲ, ಮೋಡ, ಹಿಮಸಿಂಹ, ಡ್ರ್ಯಾಗನ್ ಎಲ್ಲ ಉಬ್ಬಿ ನಿಂತ ಹಾಗೆ ಕಾಣುತ್ತವೆ. ಮೂವತ್ತು ವರ್ಷದಿಂದ ಕತ್ತರಿ ಹಿಡಿದವಳು ನಾನು. ಆ ಕೆಲಸ ನನ್ನಿಂದ ಆಗುವುದಿಲ್ಲ.

ಈಗ ಲೆಕ್ಕ ನೋಡಿ. ಒಬ್ಬರು ಮಲಗುವ ಅಳತೆಯ ಖಾದೆನ್ 3 ಅಡಿ ಅಗಲ, 6 ಅಡಿ ಉದ್ದ. ಸರಳಿನ ಒಂದೊಂದು ಸುತ್ತನ್ನೂ ಒಂದು ಗಂಟು ಅಂತ ಎಣಿಸಿ, ಒಂದು ಚದರ ಇಂಚಿಗೆ 60 ಗಂಟು ಹಿಡಿದರೆ ಒಟ್ಟು 1,55,520 ಗಂಟು. ಅಮಾಲಾ ಬೆಳಗ್ಗೆಯಿಂದ ಸಂಜೆವರೆಗೆ ಕೂತರೆ ಮೂರು ಇಂಚು ಏರುತ್ತದೆ. ಅಂದರೆ ಒಂದು ಖಾದೆನ್‌ಗೆ 24 ದಿನ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲೇ ಕೊಟ್ಟರೂ ಬರೀ ಕೂಲಿ 8,880 ರೂಪಾಯಿ ಆಗುತ್ತದೆ. ಉಣ್ಣೆ, ಹತ್ತಿ ನೂಲು, ಬಣ್ಣ, ಕತ್ತರಿ ಕೆಲಸ ಎಲ್ಲ ಬೇರೆ. ಬೈಲಕುಪ್ಪೆಯ ಮಠದ ಗೋಲ್ಡನ್ ಟೆಂಪಲ್ ನೋಡಲು ಬಂದವರು ಇದನ್ನು ಕೈಯಲ್ಲಿ ಹಿಡಿದು, “ಮೈಸೂರಲ್ಲಿ ಇದೇ ಅಳತೆಯದು ಸಾವಿರದ ಐನೂರಕ್ಕೆ ಸಿಗುತ್ತಲ್ಲ?” ಅಂತ ಕೇಳಿದ್ದನ್ನು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಅವರ ತಪ್ಪಲ್ಲ. ಮೈಸೂರಿನಲ್ಲಿ ಸಿಗುವುದು ಮಷೀನಿನದು ಅಂತ ಅವರಿಗೆ ಯಾರೂ ಹೇಳಿಲ್ಲ. ಅಮಾಲಾ ಏನೂ ಮಾತಾಡಲಿಲ್ಲ. ಖಾದೆನ್ ಮಡಚಿ ಮತ್ತೆ ಬೀರುವಿಗೆ ಇಟ್ಟರು.

ಮಾನ್ಯರೇ, ಈ ಜನ ನಮ್ಮ ರಾಜ್ಯಕ್ಕೆ ಬಂದ ಕಥೆ ನಿಮಗೆ ಗೊತ್ತಿರುತ್ತದೆ. 1959ರಲ್ಲಿ ದಲೈ ಲಾಮಾ ಅವರು ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಅವರನ್ನು ನೆಲೆ ನಿಲ್ಲಿಸಲು ಜಾಗ ಬೇಕು ಅಂತ ಕೇಂದ್ರ ಕೇಳಿದಾಗ ಮೈಸೂರು ರಾಜ್ಯ ದೊಡ್ಡ ಮನಸ್ಸು ಮಾಡಿತು. 1960ರಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಲುಗ್ಸುಂಗ್ ಸಂದುಪ್ಲಿಂಗ್ ಅಂತ ಹೆಸರಿಟ್ಟ ಈ ವಸಾಹತು ನಮ್ಮ ರಾಜ್ಯದಲ್ಲಿ ಮೊದಲನೆಯದು. ಆಮೇಲೆ ಬೈಲಕುಪ್ಪೆಯಲ್ಲೇ ಇನ್ನೊಂದು, 1966ರಲ್ಲಿ ಉತ್ತರ ಕನ್ನಡದ ಮುಂಡಗೋಡು, ಎಪ್ಪತ್ತರ ದಶಕದಲ್ಲಿ ಹುಣಸೂರಿನ ಹತ್ತಿರ ಗುರುಪುರ, ಕೊಳ್ಳೇಗಾಲದ ಕಡೆ ಒಡೆಯರಪಾಳ್ಯ. ಒಟ್ಟು ಐದು. ಇಡೀ ದೇಶದಲ್ಲಿ ಟಿಬೆಟನ್ ನಿರಾಶ್ರಿತರು ಅತಿ ಜಾಸ್ತಿ ಇರುವುದು ನಮ್ಮ ರಾಜ್ಯದಲ್ಲೇ. ಎಸ್. ನಿಜಲಿಂಗಪ್ಪನವರ ಹೆಸರನ್ನು ಕ್ಯಾಂಪಿನ ಹಿರಿಯರು ಇವತ್ತಿಗೂ ಕೈ ಮುಗಿದು ಹೇಳುತ್ತಾರೆ. ದಲೈ ಲಾಮಾ ಅವರೂ ತಮ್ಮ ಭಾಷಣಗಳಲ್ಲಿ ಅವರನ್ನು ಎಷ್ಟೋ ಸಲ ನೆನೆದಿದ್ದಾರೆ.

ಬಂದವರ ಕಷ್ಟ ಸಣ್ಣದಲ್ಲ. ಹಿಮದ ಬೆಟ್ಟದಿಂದ ಬಂದವರಿಗೆ ನಮ್ಮ ಸೆಕೆ ತಡೆಯಲಾಗಲಿಲ್ಲ. ಕಾಡು ಕಡಿದು ಹೊಲ ಮಾಡಬೇಕಿತ್ತು. ಆನೆಗಳು ಬಂದು ಬೆಳೆ ತುಳಿಯುತ್ತಿದ್ದವು. “ಹಗಲು ಮರ ಕಡಿಯೋದು, ರಾತ್ರಿ ತಗಡು ಬಡಿದು ಆನೆ ಓಡಿಸೋದು” ಅಂತ ಅಮಾಲಾ ತಮ್ಮ ಅಪ್ಪನ ಮಾತು ಹೇಳುತ್ತಿರುತ್ತಾರೆ. ನಮ್ಮ ಅಜ್ಜ ಅವರಿಗೆ ಮುಸುಕಿನ ಜೋಳ ಬಿತ್ತುವುದು ಹೇಳಿಕೊಟ್ಟರಂತೆ. ಈಗಲೂ ಮಳೆ ಶುರುವಾದರೆ ಕ್ಯಾಂಪಿನ ಹೊಲ ತುಂಬ ಜೋಳವೇ.

ಆದರೆ ಅವತ್ತು ತಲೆಗೆ ಒಂದು ಎಕರೆಯ ಲೆಕ್ಕದಲ್ಲಿ ಕೊಟ್ಟ ನೆಲ ಇವತ್ತೂ ಅಷ್ಟೇ ಇದೆ. ಮಕ್ಕಳಾದರು, ಮೊಮ್ಮಕ್ಕಳಾದರು. ಮಳೆ ನಂಬಿದ ಜೋಳದಲ್ಲಿ ಎಷ್ಟು ಜನ ಊಟ ಮಾಡಲು ಆಗುತ್ತದೆ, ಅಲ್ವಾ? ಹಾಗಾಗಿ ಚಳಿಗಾಲ ಬಂದರೆ ಕ್ಯಾಂಪು ಅರ್ಧ ಖಾಲಿ. ಅಕ್ಟೋಬರಿನಿಂದ ಜನವರಿವರೆಗೆ ಸ್ವೆಟರ್ ವ್ಯಾಪಾರಕ್ಕೆ ಹೋಗುತ್ತಾರೆ. ನೀವು ಯಾವುದಾದರೂ ಊರಿನ ಬಯಲಿನಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿ ನೋಡಿರುತ್ತೀರಿ. ಅವರೇ ಹೆಣೆದದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಬಹುಪಾಲು ಲುಧಿಯಾನದ ಕಾರ್ಖಾನೆ ಮಾಲು, ಸಾಲಕ್ಕೆ ತಂದದ್ದು. ಚಳಿ ಬೀಳದ ವರ್ಷ ಸಾಲ ಹಾಗೇ ಉಳಿಯುತ್ತದೆ.

ನನಗೆ ತುಂಬಾ ನೋವು ಕೊಡುವ ವಿಷಯ ಇದು. ಕೈಯಲ್ಲಿ ಇಂಥ ಕಸುಬು ಇಟ್ಟುಕೊಂಡವರು, ಬೇರೆ ಊರಿನ ಮಷೀನಿನ ಸ್ವೆಟರ್ ಹೊತ್ತುಕೊಂಡು, ಮಕ್ಕಳನ್ನು ಹಾಸ್ಟೆಲ್ಲಿಗೆ ಬಿಟ್ಟು, ನಾಲ್ಕು ತಿಂಗಳು ಫುಟ್‌ಪಾತಿನಲ್ಲಿ ನಿಲ್ಲುತ್ತಾರೆ. ಅಮಾಲಾ ಅವರ ಸೊಸೆ ಒಳ್ಳೆಯ ನೇಯ್ಗೆಗಾರ್ತಿ. ಅವಳ ಸಾಲು ಅಮಾಲಾ ಅವರದಕ್ಕಿಂತ ಸಮವಾಗಿ ಬರುತ್ತದೆ, ಅದನ್ನು ಅಮಾಲಾ ಅವರೇ ಒಪ್ಪುತ್ತಾರೆ. ಅವಳು ಮಗ್ಗ ಬಿಟ್ಟು ಆರು ವರ್ಷವಾಯಿತು. ಈಗ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುತ್ತಾಳೆ. ಅವಳ ತಮ್ಮ ಕೆನಡಾಗೆ ಹೋದ. ಮಗಳು ಬೆಂಗಳೂರಿನ ಕಾಲ್ ಸೆಂಟರಿನಲ್ಲಿದ್ದಾಳೆ. ಮಗ್ಗದ ಮುಂದೆ ಉಳಿದವರು ಎಪ್ಪತ್ತು ದಾಟಿದ ಅಮಾಲಾ ಒಬ್ಬರೇ.

ಶುರುವಿನ ದಿನಗಳಲ್ಲಿ ಹೀಗಿರಲಿಲ್ಲ. ಒಂದೊಂದು ವಸಾಹತಿನಲ್ಲೂ ಸಹಕಾರ ಸಂಘ ಇತ್ತು, ಕರಕುಶಲ ಕೇಂದ್ರ ಇತ್ತು. ನೇಯ್ದದ್ದಕ್ಕೆ ಹೊರದೇಶದಿಂದ ಆರ್ಡರು ಬರುತ್ತಿತ್ತು. ಅಮಾಲಾ ಹದಿನಾರಕ್ಕೆ ಕೆಲಸ ಕಲಿತದ್ದು ಅಂಥ ಕೇಂದ್ರದಲ್ಲೇ. ಸಾಲಾಗಿ ಮಗ್ಗಗಳು, ಒಂದು ಮಗ್ಗಕ್ಕೆ ಇಬ್ಬರು ಮೂವರು ಹುಡುಗಿಯರು, ಎಲ್ಲರೂ ಹಾಡು ಹೇಳಿಕೊಂಡು ನೇಯುತ್ತಿದ್ದರಂತೆ. ಸುತ್ತಿಗೆಯ ಏಟು ಹಾಡಿನ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತಂತೆ.

ಇದನ್ನು ಉಳಿಸಲು ಆಗುವುದಿಲ್ಲ, ಕಾಲ ಹೋಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೇಪಾಳ ನೋಡಿ. 1960ರಲ್ಲಿ ಸ್ವಿಟ್ಜರ್ಲೆಂಡಿನವರ ನೆರವಿನಿಂದ, ಭೂಗರ್ಭ ವಿಜ್ಞಾನಿ ಟೋನಿ ಹಾಗೆನ್ ಅವರಂಥವರು ಮುಂದೆ ನಿಂತು, ಕಠ್ಮಂಡುವಿನ ಪಕ್ಕದ ಜಾವಲಾಖೇಲ್‌ನಲ್ಲಿ ಟಿಬೆಟನ್ ನಿರಾಶ್ರಿತರಿಗೆ ನೇಯ್ಗೆ ಕೇಂದ್ರ ಶುರು ಮಾಡಿದರು. ಅಲ್ಲಿಂದ ಬೆಳೆದ ಕಾರ್ಪೆಟ್ ಉದ್ಯಮ ತೊಂಬತ್ತರ ದಶಕದ ಆರಂಭಕ್ಕೆ ನೇಪಾಳದ ರಫ್ತಿನಲ್ಲಿ ಮುಂಚೂಣಿಯಲ್ಲಿತ್ತು. ಮಗ್ಗದ ಮುಂದೆ ಕೂತವರಲ್ಲಿ ನೇಪಾಳಿಗಳೇ ಜಾಸ್ತಿಯಾದರು. ನಿರಾಶ್ರಿತರು ತಂದ ಕಸುಬು ಆಶ್ರಯ ಕೊಟ್ಟವರಿಗೇ ಅನ್ನ ಹಾಕಿತು. ಆಮೇಲೆ ಆ ಉದ್ಯಮಕ್ಕೆ ಪೆಟ್ಟು ಬಿದ್ದದ್ದೂ ನಿಜ. ಮಕ್ಕಳನ್ನು ದುಡಿಸುತ್ತಾರೆ ಅನ್ನುವ ಸುದ್ದಿ ಯುರೋಪಿನಲ್ಲಿ ಹರಡಿ ಮಾರುಕಟ್ಟೆ ಕುಸಿಯಿತು. ಅದರಿಂದಲೂ ನಾವು ಕಲಿಯಬೇಕು. ಕೂಲಿ ಸರಿಯಾಗಿ ಕೊಟ್ಟು, ದೊಡ್ಡವರೇ ನೇಯ್ದದ್ದು ಅಂತ ಖಾತ್ರಿ ಕೊಟ್ಟು ಮಾರಿದರೆ ಮಾತ್ರ ಈ ಕೆಲಸ ನಿಲ್ಲುತ್ತದೆ.

ನಮ್ಮ ದೇಶದಲ್ಲೂ ಉದಾಹರಣೆ ಇದೆ. ಡಾರ್ಜಿಲಿಂಗಿನ ಟಿಬೆಟನ್ ಸ್ವಸಹಾಯ ಕೇಂದ್ರ 1959ರಲ್ಲೇ ಶುರುವಾದದ್ದು. ಧರ್ಮಶಾಲಾದ ಹತ್ತಿರ ನೊರ್ಬುಲಿಂಗ್ಕಾ ಸಂಸ್ಥೆ ಇದೆ. ಥಂಕಾ ಚಿತ್ರ, ಮರದ ಕೆತ್ತನೆ, ಬಟ್ಟೆ ಜೋಡಿಸಿ ಹೊಲಿಯುವ ಕಲೆ ಎಲ್ಲವನ್ನೂ ಗುರುಗಳ ಪಕ್ಕದಲ್ಲಿ ಕೂತು ಕಲಿಯಬಹುದು. ಪ್ರವಾಸಿಗಳು ಬಂದು ಕೆಲಸ ನೋಡುತ್ತಾರೆ, ಅಲ್ಲೇ ಉಳಿಯುತ್ತಾರೆ, ಅಲ್ಲೇ ಕೊಳ್ಳುತ್ತಾರೆ. ಹಿಮಾಚಲಕ್ಕಿಂತ ಜಾಸ್ತಿ ಟಿಬೆಟನ್ನರು ಇರುವ ನಮ್ಮ ರಾಜ್ಯದಲ್ಲಿ ಅಷ್ಟು ದೊಡ್ಡದಾಗಿ ಒಂದು ಇರಬೇಕಲ್ಲವೇ?

ನಮ್ಮಲ್ಲಿ ಜನ ಬರುವುದಿಲ್ಲ ಅಂತಲೂ ಹೇಳುವ ಹಾಗಿಲ್ಲ. ರಜೆ ಬಂತು ಅಂದರೆ ಕೊಪ್ಪದ ತಿರುವಿನಿಂದ ನಾಮ್‌ಡ್ರೋಲಿಂಗ್ ಮಠದವರೆಗೆ ಕಾರು, ಬಸ್ಸು, ಟೆಂಪೋಗಳ ಸಾಲು. 1999ರಲ್ಲಿ ಗೋಲ್ಡನ್ ಟೆಂಪಲ್ ತೆರೆದ ಮೇಲೆ ಮಡಿಕೇರಿಗೆ ಹೋಗುವವರು ಇಲ್ಲಿ ಇಳಿಯದೆ ಹೋಗುವುದೇ ಇಲ್ಲ. ಬರುತ್ತಾರೆ, ಮೂರು ದೊಡ್ಡ ಮೂರ್ತಿಗಳ ಮುಂದೆ ನಿಲ್ಲುತ್ತಾರೆ, ಫೋಟೋ ತೆಗೆಯುತ್ತಾರೆ, ಮೊಮೊ ತಿನ್ನುತ್ತಾರೆ, ಒಂದು ಗಂಟೆಯಲ್ಲಿ ಹೊರಡುತ್ತಾರೆ. ಹೊರಡುವಾಗ ನೆನಪಿಗೆ ಕೊಳ್ಳುವ ಗೊಂಬೆ, ಮಣಿಸರ, ಬ್ಯಾಗು ಬಹುಪಾಲು ಎಲ್ಲೋ ಕಾರ್ಖಾನೆಯಲ್ಲಿ ತಯಾರಾದದ್ದು. ಎರಡು ಕಿಲೋಮೀಟರ್ ಆಚೆ ಒಬ್ಬ ಅಜ್ಜಿ 24 ದಿನದಿಂದ ಒಂದು ಹಿಮಸಿಂಹ ನೇಯುತ್ತಿದ್ದಾರೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ.

ಹೊರದೇಶದವರದು ಇನ್ನೊಂದು ತೊಂದರೆ. ಕೈಯಿಂದ ನೇಯ್ದ ಕಾರ್ಪೆಟ್ಟಿಗೆ ಸರಿಯಾದ ಬೆಲೆ ಕೊಡುವವರು ಅವರೇ. ಆದರೆ ವಿದೇಶಿಯರು ಬೈಲಕುಪ್ಪೆ, ಮುಂಡಗೋಡಿನ ವಸಾಹತಿನೊಳಗೆ ರಾತ್ರಿ ಉಳಿಯಬೇಕಾದರೆ ಕೇಂದ್ರ ಗೃಹ ಇಲಾಖೆಯ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಅದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಅಷ್ಟು ಮಾಡುವವರು ಯಾರು? ಮಧ್ಯಾಹ್ನ ನೋಡಿ ಸಂಜೆಗೆ ಹೊರಟವರು ಎಂಟು ಸಾವಿರ, ಹತ್ತು ಸಾವಿರದ ಖಾದೆನ್ ಆರಿಸಿ ಕೊಳ್ಳುವುದು ಕಡಿಮೆ. ಭದ್ರತೆಯ ಕಾರಣಗಳು ಇರಬಹುದು, ನಾನು ಅದನ್ನು ಅಲ್ಲಗಳೆಯುವಷ್ಟು ತಿಳಿದವಳಲ್ಲ. ಆದರೆ ಎರಡು ಮೂರು ದಿನದ ವಾಸಕ್ಕಾದರೂ ಪರವಾನಗಿ ಸುಲಭ ಮಾಡಿ ಅಂತ ರಾಜ್ಯ ಸರ್ಕಾರ ದೆಹಲಿಗೆ ಬರೆಯಬಹುದು. ನೀವು ಬರೆದರೆ ಅದಕ್ಕೆ ತೂಕ ಇರುತ್ತದೆ.

ಈಗ ಕಾಗದದ ವಿಷಯ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಇವರ ಕೈಯಲ್ಲಿರುವುದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ. ಕ್ಯಾಂಪಿನಲ್ಲಿ ಎಲ್ಲರೂ ಅದನ್ನು ಆರ್‌ಸಿ ಅನ್ನುತ್ತಾರೆ. ಇಲ್ಲೇ ಹುಟ್ಟಿದ ಮಕ್ಕಳ ಹತ್ತಿರವೂ ಅದೇ. ಪೌರತ್ವದ ಮಾತು ಬೇರೆ, ಅದನ್ನು ಈ ಪತ್ರದಲ್ಲಿ ತರುವುದಿಲ್ಲ. ಬೇಕು ಅನ್ನುವವರೂ ಬೇಡ ಅನ್ನುವವರೂ ಅವರಲ್ಲೇ ಇದ್ದಾರೆ, ಅದು ಅವರಿಗೆ ಬಿಟ್ಟದ್ದು. ನಾನು ಹೇಳುತ್ತಿರುವುದು ಕಸುಬಿನ ಕಾಗದದ ಬಗ್ಗೆ.

2014ರಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಪುನರ್ವಸತಿ ನೀತಿ ತಂದಿತು. ವಸಾಹತಿನ ಭೂಮಿಗೆ 20 ವರ್ಷದ ಗುತ್ತಿಗೆ, ಕೇಂದ್ರ ಮತ್ತು ರಾಜ್ಯದ ಯೋಜನೆಗಳ ಸೌಲಭ್ಯ, ಯಾವುದೇ ದುಡಿಮೆ ವ್ಯಾಪಾರಕ್ಕೆ ಬೇಕಾದ ಪರವಾನಗಿ, ಎಲ್ಲ ಅದರಲ್ಲಿದೆ. ಬಹಳ ಒಳ್ಳೆಯ ನೀತಿ. ಆದರೆ ಕೌಂಟರಿನ ಹತ್ತಿರ ಅದು ಬಂದು ತಲುಪಿಲ್ಲ. ಎರಡು ವರ್ಷದ ಹಿಂದೆ ನಾನೇ ಅಮಾಲಾ ಅವರನ್ನು ಕರೆದುಕೊಂಡು ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ, ಕುಶಲಕರ್ಮಿ ಗುರುತಿನ ಚೀಟಿ ಮಾಡಿಸಲು. ಆಧಾರ್ ಕಾರ್ಡ್ ಇತ್ತು. ಬ್ಯಾಂಕ್ ಪಾಸ್‌ಬುಕ್ ಇತ್ತು. ಆರ್‌ಸಿ ತೆಗೆದ ಕೂಡಲೇ ಅಲ್ಲಿದ್ದವರು, “ಇದು ಫಾರಿನರ್ಸ್‌ದು, ಇದಕ್ಕೆ ನಮ್ಮಲ್ಲಿ ಕಾಲಂ ಇಲ್ಲ” ಅಂದರು. ಒರಟಾಗಿ ಹೇಳಲಿಲ್ಲ, ಪಾಪ, ಅವರಿಗೂ ನಿಜವಾಗಿ ಗೊತ್ತಿರಲಿಲ್ಲ. 2014ರ ನೀತಿ ಅಂತ ನಾನು ಹೇಳಿದೆ. “ನಮಗೆ ಆರ್ಡರ್ ಬಂದಿಲ್ಲಮ್ಮ” ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಅಮಾಲಾ ತಮ್ಮ ಕೈ ತೋರಿಸಿ ನಕ್ಕರು. ಬಲಗೈ ತೋರುಬೆರಳಿನಲ್ಲಿ ನೂಲು ಎಳೆದೂ ಎಳೆದೂ ಬಿದ್ದ ಗೆರೆ ಒಂದಿದೆ, ಅಳಿಸಿದರೆ ಹೋಗುವಂಥದ್ದಲ್ಲ. “ಇದು ನನ್ನ ಕಾರ್ಡು” ಅಂದರು.

ಮಾನ್ಯರೇ, ನಿಮ್ಮಿಂದ ಮೊದಲು ಆಗಬೇಕಾದದ್ದು ಆ ಒಂದು ಆರ್ಡರ್. ಆರ್‌ಸಿ ಮತ್ತು ಆಧಾರ್ ಇದ್ದರೆ ರಾಜ್ಯದ ಕುಶಲಕರ್ಮಿಗಳಿಗೆ ಇರುವ ತರಬೇತಿ, ಸಲಕರಣೆ, ಮೇಳದ ಮಳಿಗೆ, ಸಾಲ ಎಲ್ಲ ಟಿಬೆಟನ್ ನೇಯ್ಗೆಯವರಿಗೂ ಕೆತ್ತನೆಯವರಿಗೂ ಸಿಗುತ್ತದೆ ಅಂತ ಒಂದು ಪುಟದ ಆದೇಶ. ಮೈಸೂರು, ಉತ್ತರ ಕನ್ನಡ, ಚಾಮರಾಜನಗರ, ಮೂರೇ ಜಿಲ್ಲೆಗೆ ಹೋದರೆ ಸಾಕು. ಕೇಂದ್ರದ ಯೋಜನೆಗಳಿಗೂ ರಾಜ್ಯ ಒಂದು ಮಾತು ಹೇಳಬೇಕು. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬುಟ್ಟಿ, ಚಾಪೆ, ಕಸಬರಿಕೆ ಮಾಡುವವರಿದ್ದಾರೆ, ನಮ್ಮಂಥ ಟೈಲರುಗಳೂ ಇದ್ದಾರೆ. ಕಾರ್ಪೆಟ್ ನೇಯುವವರು ಆ ಪಟ್ಟಿಯಲ್ಲಿ ಇಲ್ಲ.

“ನಮ್ಮವರಿಗೇ ಸರಿಯಾಗಿ ಸಿಗುತ್ತಿಲ್ಲ, ಅವರಿಗೆ ಯಾಕೆ?” ಅಂತ ಕೇಳುವವರು ಇದ್ದೇ ಇರುತ್ತಾರೆ. ನಮ್ಮ ಊರಿನಲ್ಲೇ ಇದ್ದಾರೆ, ನಮ್ಮ ಮನೆಯಲ್ಲೂ ಇದ್ದರು. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪಿರಿಯಾಪಟ್ಟಣದ ಸಣ್ಣ ರೈತರ ಕಷ್ಟ ನನಗೆ ಗೊತ್ತು. ಆದರೆ ಕಸುಬು ಯಾರ ನೆಲವನ್ನೂ ಕೇಳುವುದಿಲ್ಲ. ಒಂದು ಮಗ್ಗ, ಒಂದು ಮಣೆ, ಗೋಡೆಗೆ ಸ್ವಲ್ಪ ಬೆಳಕು, ಅಷ್ಟೇ. ಜೊತೆಗೆ, ಈ ಜನರಿಗೆ ಮಾಡಿದ ಸಹಾಯದಿಂದ ನಮಗೇ ಏನು ಬಂತು ಅನ್ನುವುದನ್ನು ಎಲ್ಲರೂ ಮರೆತಿದ್ದಾರೆ. ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆಯ ಹೆಸರು ಕೇಳಿರುತ್ತೀರಿ. ಅದರ ಪೂರ್ತಿ ಹೆಸರಲ್ಲಿ ಮೈಸೂರು ಇದೆ, ಪುನರ್ವಸತಿ ಇದೆ. 1968ರಲ್ಲಿ ಆ ಸಂಸ್ಥೆ ಶುರುವಾದದ್ದೇ ಟಿಬೆಟನ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. ಆ ಕೆಲಸ ಮುಗಿದ ಮೇಲೆ ಅವರು ನಮ್ಮ ಬಡ ಹಳ್ಳಿಗಳ ಕಡೆ ತಿರುಗಿದರು. ಎಂಬತ್ತರ ದಶಕದಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿ ತೋರಿಸಿದವರಲ್ಲಿ ಅವರು ಮೊದಲಿಗರು. ಇವತ್ತು ಊರೂರಲ್ಲಿ ಹೆಂಗಸರು ಸಂಘ ಕಟ್ಟಿಕೊಂಡು ವಾರವಾರ ಹಣ ಕೂಡಿಡುತ್ತಿದ್ದಾರೆ. ನನ್ನ ಎರಡನೇ ಹೊಲಿಗೆ ಮಷೀನ್ ಬಂದದ್ದು ಸಂಘದ ಸಾಲದಿಂದ. ಆ ದಾರಿಯ ಒಂದು ತುದಿ ಬೈಲಕುಪ್ಪೆಯಲ್ಲಿದೆ ಅಂತ ಗೊತ್ತಾದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದ್ದೆ.

ಇನ್ನೊಂದು ಮಾತು. ಟಿಬೆಟನ್ ಹುಡುಗಿಯರು ಮಗ್ಗಕ್ಕೆ ಬರುತ್ತಿಲ್ಲ ಅಂದರೆ ನಮ್ಮ ಹುಡುಗಿಯರೂ ಬರಲಿ. ಕೊಪ್ಪ, ಬೈಲಕುಪ್ಪೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ಹತ್ತನೇ ತರಗತಿ ಮುಗಿಸಿ ಮನೆಯಲ್ಲಿ ಕೂತವರು ಎಷ್ಟೋ ಜನ. ಗಾರ್ಮೆಂಟ್ಸಿಗೆ ಬೆಂಗಳೂರಿಗೆ ಹೋಗಬೇಕು, ಇಲ್ಲ ಕಾಫಿ ತೋಟದ ಕೂಲಿ. ಅವರನ್ನೂ ಟಿಬೆಟನ್ ಮಕ್ಕಳನ್ನೂ ಒಂದೇ ಸೂರಿನಡಿ ಕೂರಿಸಿ, ಅಮಾಲಾ ಅವರಂಥವರಿಗೆ ಗುರು ಅಂತ ಸಂಬಳ ಕೊಟ್ಟು, ಕಲಿಯುವವರಿಗೆ ಮೊದಲ ವರ್ಷ ತಿಂಗಳಿಗಿಷ್ಟು ಅಂತ ಭತ್ಯೆ ಕೊಟ್ಟು ಶುರು ಮಾಡಿ. ಭತ್ಯೆ ಇಲ್ಲದೆ ಯಾರೂ ಬರುವುದಿಲ್ಲ, ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಕೈ ಕೂರಲು ಆರು ತಿಂಗಳು ಬೇಕು. ಅಷ್ಟು ದಿನ ಮನೆಗೆ ದುಡ್ಡು ಹೋಗದಿದ್ದರೆ ಅಪ್ಪ ಅಮ್ಮ ಮಗಳನ್ನು ಕಳಿಸುವುದಿಲ್ಲ.

ಉಣ್ಣೆಯ ಬಗ್ಗೆಯೂ ಯೋಚಿಸಿ. ಟಿಬೆಟಿನ ಎತ್ತರದ ಕುರಿಯ ಉಣ್ಣೆಯಲ್ಲಿ ಜಿಡ್ಡು ಜಾಸ್ತಿ, ಅದಕ್ಕೇ ಹಳೆಯ ಖಾದೆನ್‌ಗಳು ಕೂತಷ್ಟೂ ಹೊಳೆಯುತ್ತವೆ. ಆ ಉಣ್ಣೆ ನಮಗೆ ಸಿಗುವುದಿಲ್ಲ. ದೂರದಿಂದ ತರಿಸುವ ನೂಲಿನ ಬೆಲೆಯೇ ಅರ್ಧ ಲಾಭ ತಿನ್ನುತ್ತದೆ. ಅದೇ ಹೊತ್ತಿಗೆ ನಮ್ಮ ಚಳ್ಳಕೆರೆ ಕಡೆ ಕಂಬಳಿ ನೇಯುವ ಕುರುಬರು, ಕರಿ ಕುರಿಯ ಉಣ್ಣೆಗೆ ಕೇಳುವವರೇ ಇಲ್ಲ ಅನ್ನುತ್ತಿದ್ದಾರೆ. ಆ ದಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ, ನಿಜ. ಆದರೆ ನೆಲಕ್ಕೆ ಹಾಸುವುದಕ್ಕೆ ಒರಟುತನ ದೋಷವಲ್ಲ. ಕಳೆದ ವರ್ಷ ನಾನು ಒಂದಿಷ್ಟು ಕರಿ ನೂಲು ತರಿಸಿಕೊಟ್ಟೆ. ಅಮಾಲಾ ಒಂದು ಸಣ್ಣ ಆಸನ ನೇಯ್ದರು, ಕರಿ ನೆಲದ ಮೇಲೆ ಬಿಳಿ ಕಮಲ. ನೂಲು ನಡುನಡುವೆ ತುಂಡಾಗುತ್ತದೆ, ನೂಲುವುದು ಇನ್ನೂ ಬಿಗಿಯಾಗಬೇಕು ಅಂದರು. ಆದರೆ ಆ ಕರಿ ಬಣ್ಣ ಯಾವ ಬಣ್ಣದ ಡಬ್ಬಿಯಲ್ಲೂ ಸಿಗುವುದಿಲ್ಲ ಅಂತಲೂ ಅಂದರು. ಚಳ್ಳಕೆರೆಯ ನೂಲು, ಟಿಬೆಟಿನ ನೇಯ್ಗೆ. ಇದನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಲು ನಿಮ್ಮ ಇಲಾಖೆಗೆ ಎಷ್ಟು ಹೊತ್ತು?

ಮಾರುವುದಕ್ಕೆ ಜಾಗವೂ ನಿಮ್ಮ ಹತ್ತಿರವೇ ಇದೆ. ಸರ್ಕಾರದ ಕರಕುಶಲ ವಸ್ತುಗಳ ಕಾವೇರಿ ಮಳಿಗೆಗಳಲ್ಲಿ ಬಿದರಿ ಇದೆ, ಚನ್ನಪಟ್ಟಣದ ಗೊಂಬೆ ಇದೆ, ಗಂಧದ ಕೆತ್ತನೆ ಇದೆ. ಬಿದರಿ ಕಲೆಯ ಬೇರು ಪರ್ಷಿಯಾದಲ್ಲಿದೆ ಅನ್ನುತ್ತಾರೆ. ಬಹಮನಿಗಳ ಕಾಲದಲ್ಲಿ ಬಂದ ಕುಶಲಿಗರು ಬೀದರಿನ ಕೋಟೆಯ ಮಣ್ಣಿನಲ್ಲಿ ಅದನ್ನು ಬೆಳೆಸಿದರು. ಇವತ್ತು ಅದನ್ನು ಹೊರಗಿನದು ಅಂತ ಯಾರಾದರೂ ಹೇಳುತ್ತಾರಾ? ಬೈಲಕುಪ್ಪೆಯ ಖಾದೆನ್‌ಗೂ ಕಾವೇರಿಯಲ್ಲಿ ಒಂದು ಗೋಡೆ ಕೊಡಿ. ಅದರ ಪಕ್ಕ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ, ಎಷ್ಟು ಗಂಟು, ಎಷ್ಟು ದಿನ, ಯಾವ ಕ್ಯಾಂಪು ಅಂತ. ಬೆಲೆ ಯಾಕೆ ಹಾಗೆ ಅನ್ನುವುದು ಓದಿದವರಿಗೆ ತಾನಾಗಿಯೇ ತಿಳಿಯುತ್ತದೆ. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳ ಕೋಣೆಗಳಿಗೆ, ಸರ್ಕಾರಿ ಅತಿಥಿಗೃಹಗಳಿಗೆ ಪ್ರತಿ ವರ್ಷ ಏನೇನೋ ಖರೀದಿ ಆಗುತ್ತದೆ. ಅದರಲ್ಲಿ ಒಂದು ಪಾಲು ಇಲ್ಲಿಂದ ಆಗಲಿ. ಅತಿಥಿಗಳಿಗೆ ಶಾಲು, ಹಾರ ಕೊಡುವ ಕಡೆ ಒಮ್ಮೊಮ್ಮೆ ಒಂದು ನೇಯ್ದ ಆಸನ ಕೊಡಿ. ಐದು ವಸಾಹತುಗಳ ಮಗ್ಗಗಳಿಗೆ ವರ್ಷವಿಡೀ ಕೆಲಸ ಕೊಡಲು ದೊಡ್ಡ ದುಡ್ಡೇನೂ ಬೇಕಿಲ್ಲ. ವರ್ಷಕ್ಕೆ ಇಷ್ಟು ಅಂತ ನಂಬಬಹುದಾದ ಆರ್ಡರು ಬೇಕು. ನೇಯುವವರು ಹೆದರುವುದು ಕಡಿಮೆ ಕೂಲಿಗಲ್ಲ, ನೇಯ್ದದ್ದು ಬೀರುವಿನಲ್ಲೇ ಕೂರುತ್ತದೆ ಅನ್ನುವುದಕ್ಕೆ.

ಗೋಲ್ಡನ್ ಟೆಂಪಲ್ಲಿನ ಹತ್ತಿರ, ಗಾಡಿ ನಿಲ್ಲಿಸುವ ಕಡೆ, ಮಠದವರನ್ನೂ ಸಹಕಾರ ಸಂಘದವರನ್ನೂ ಕೇಳಿಕೊಂಡು ಒಂದು ಸೂರು ಹಾಕಿಸಿ. ನಾಲ್ಕು ಮಗ್ಗ ಅಲ್ಲಿ ನಡೆಯುತ್ತಿರಲಿ. ಥಂಕಾ ಬರೆಯುವ ಒಬ್ಬರು, ಮರ ಕೆತ್ತುವ ಒಬ್ಬರು ಕೂತಿರಲಿ. ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದಾಗ ಚಾಕು ಎಳೆದು ಸರಳು ಕಳಚುವುದನ್ನು ಒಮ್ಮೆ ನೋಡಲಿ. ನಾನು ಮೊದಲ ಸಲ ನೋಡಿದಾಗ ಒಂಬತ್ತು ವರ್ಷ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಈಗ ಅಮಾಲಾ ಅವರ ಮಗ್ಗದಲ್ಲಿ ಇರುವುದು ಹುಲಿ. ಹಿಂದೆ ಲಾಮಾಗಳು ಕೂರುತ್ತಿದ್ದ ಹುಲಿ ಚರ್ಮದ ಹಾಗೆ, ಮೈತುಂಬ ಪಟ್ಟೆ ಇರುವ ಹಳೆಯ ವಿನ್ಯಾಸ. ಬಾಲದಿಂದ ಶುರು ಮಾಡಿ ಸೊಂಟದವರೆಗೆ ಬಂದಿದೆ. ಮಂಡಿ ನೋವು ಅಂತ ದಿನಕ್ಕೆ ಒಂದು ಇಂಚೇ ಆಗುತ್ತಿದೆ. ತಲೆ ನೇಯುವಾಗ ಕಣ್ಣಿನ ಬಣ್ಣ ಸೊಸೆ ಬಂದು ಆರಿಸಲಿ ಅಂತ ಕಾಯುತ್ತಿದ್ದಾರೆ. ಸೊಸೆ ಬರುವುದು ಸ್ವೆಟರ್ ಸೀಸನ್ ಮುಗಿದ ಮೇಲೆ, ಫೆಬ್ರವರಿಯಲ್ಲಿ.

ನೀವು ಮಡಿಕೇರಿಗೆ ಹೋಗುವಾಗ ಇದೇ ದಾರಿಯಲ್ಲಿ ಹೋಗುತ್ತೀರಿ. ಕೊಪ್ಪದ ಹತ್ತಿರ ಎಡಕ್ಕೆ ತಿರುಗಿದರೆ ಹತ್ತು ನಿಮಿಷ. ಒಮ್ಮೆ ಬನ್ನಿ. ಬೆಂಗಾವಲು ವಾಹನ ಓಣಿಯೊಳಗೆ ಹಿಡಿಯುವುದಿಲ್ಲ, ಸ್ವಲ್ಪ ನಡೆಯಬೇಕು. ಅಮಾಲಾ ಬೆಣ್ಣೆ ಹಾಕಿದ ಉಪ್ಪು ಚಹಾ ಕೊಡುತ್ತಾರೆ. ಕುಡಿಯಲು ಕಷ್ಟವಾದರೆ ನಮ್ಮ ಕೊಡಗಿನ ಕಾಫಿಯೂ ಇರುತ್ತದೆ, ನಾನು ತಂದಿರುತ್ತೇನೆ.

ಇಂತಿ,
ಕುಶಾಲನಗರದ ಒಬ್ಬ ಟೈಲರ್